ಕಟ್ಟುವ ಮಾತು ಮಾತ್ರ ಇಂಗ್ಲಿಷಿನಲ್ಲಿ

ದೊಡ್ಡಮ್ಮನ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಬಿಳಿ ಬಟ್ಟೆಯ ಪಟ್ಟಿ ಮಣಿಕಟ್ಟನ್ನು ಸುತ್ತಿಕೊಂಡು ಹೋಗಿ ಸರಳಿನಲ್ಲಿ ಗಂಟಾಗಿತ್ತು. ಅವರ ತಂಗಿಯ ಮಗಳು, ಬಸ್ ಕಂಡಕ್ಟರ್, ಡ್ಯೂಟಿ ಮುಗಿಸಿ, ಸಮವಸ್ತ್ರದಲ್ಲೇ ಬಂದವಳು, ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು.

“ಇದೇನು ಸಿಸ್ಟರ್?”

“ರಿಸ್ಟ್ರೇಂಟ್,” ಎಂದರು ಹೆಡ್ ನರ್ಸ್, ಡ್ರಿಪ್ ಸರಿಮಾಡುತ್ತ. “ಪೇಷಂಟ್ ಸ್ವಲ್ಪ ಅಜಿಟೇಟೆಡ್. ಟ್ಯೂಬ್ ಎರಡು ಸಲ ಕಿತ್ತಿದಾರೆ. ಸೇಫ್ಟಿಗೆ ಅಷ್ಟೇ.”

ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ದೊಡ್ಡಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ, ನುಂಗುವುದು ಕಷ್ಟವಾಗಿತ್ತು. ಆಹಾರಕ್ಕಾಗಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದ್ದರು. ಅದು ಅರ್ಧ ಕಿತ್ತುಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು. ನರ್ಸ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಡೀ ವಾರ್ಡಿಗೆ ಇದ್ದವರು ಇಬ್ಬರೇ ನರ್ಸುಗಳು ಎಂಬುದೂ ನಿಜವೇ.

ದೊಡ್ಡಮ್ಮನ ಮಗ ಕಿಟಕಿಯ ಹತ್ತಿರ ಫೋನು ಒತ್ತುತ್ತ ನಿಂತಿದ್ದ. “ನಾನೇ ಕನ್ಸೆಂಟ್ ಕೊಟ್ಟೆ. ಅಮ್ಮನ್ನ ಕಂಟ್ರೋಲ್ ಮಾಡದೆ ಬೇರೆ ದಾರಿ ಇರಲಿಲ್ಲ. ಸಾಫ್ಟ್ ರಿಸ್ಟ್ರೇಂಟ್ ಕಣೇ, ಏನೂ ಆಗಲ್ಲ.”

“ಸಾಫ್ಟ್ ಅಂದ್ರೆ ಮೆತ್ತಗೆ ಕಟ್ಟೋದಾ ಅಣ್ಣ, ಮೆತ್ತಗೆ ಹೇಳೋದಾ?”

ದೊಡ್ಡಮ್ಮ ಕಣ್ಣು ತೆರೆದರು. ದನಿ ಬಿದ್ದುಹೋಗಿತ್ತು, ಬಾಯಿ ಮಾತ್ರ ಹಳೆಯದೇ. “ಹಸಿವಾಯ್ತಾ ಅಂತ ಕನ್ನಡದಲ್ಲಿ ಕೇಳ್ತಾರೆ. ನೋವಾ ಅಂತ ಕೇಳ್ತಾರೆ. ಉಚ್ಚೆ ಬಂತಾ ಅಂತ ಇಡೀ ವಾರ್ಡಿಗೆ ಕೇಳೋ ಹಾಗೆ ಕೇಳ್ತಾರೆ. ಕಟ್ಟೋದಕ್ಕೆ ಮಾತ್ರ ಇವರಿಗೆ ಇಂಗ್ಲಿಷೇ ಬೇಕು.”

“ಅಮ್ಮ, ಕೋಆಪರೇಟ್ ಮಾಡಮ್ಮ,” ಎಂದ ಮಗ.

“ನೀನೂ ಶುರು ಮಾಡಿದ್ಯಾ? ಎಚ್ಚರ ಇದ್ದಾಗ ಒಂದು ಸಲನಾದ್ರೂ ಅದನ್ನ ಮುಟ್ಟಿದೀನಾ, ಹೇಳು.”

ಅವರು ಮುಟ್ಟಿರಲಿಲ್ಲ. ಕಿತ್ತದ್ದು ಎರಡು ಸಲವೂ ಮಂಪರಿನಲ್ಲಿ. ತಂಗಿಯ ಮಗಳು ಸ್ಟೂಲು ಎಳೆದುಕೊಂಡು ಕೂತಳು. ದೊಡ್ಡಮ್ಮನ ಕಣ್ಣು ಎಳೆಯಿತು. ಸ್ವಲ್ಪ ಹೊತ್ತಿಗೆ ಕಟ್ಟಿದ ಬಲಗೈ ಅಲುಗಿತು. ಹೆಬ್ಬೆರಳು, ತೋರುಬೆರಳು ಕೂಡಿಕೊಂಡವು, ಗಾಳಿಯಲ್ಲಿ ಏನನ್ನೋ ಹಿಡಿದು ಪಟ್ಟಿ ಬಿಡುವಷ್ಟು ಮೇಲಕ್ಕೆ ಎಳೆದವು, ಇಳಿದವು, ಮತ್ತೆ ಎಳೆದವು.

ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹಾಕಿ, ಅಂಚು ಹೊಲಿದು ಸಂಸಾರ ತೂಗಿಸಿದ ಕೈ ಅದು. ತಂಗಿಯ ಮಗಳು ಚಿಕ್ಕಂದಿನಲ್ಲಿ ಅದೇ ಕೈಯ ಪಕ್ಕ ಕೂತು ಪಾಠ ಓದಿದ್ದಳು. ದೊಡ್ಡಮ್ಮ ಸಿಟ್ಟಿನಿಂದ ಕಿತ್ತಿರಲಿಲ್ಲ. ಮೂಗಿನ ಮೇಲೆ ಸಿಕ್ಕ ನಳಿಕೆ ನಿದ್ದೆಯ ಬೆರಳಿಗೆ ನೂಲಾಗಿತ್ತು.

ಮರುದಿನ ಮಧ್ಯಾಹ್ನ ಅವಳು ಚೀಲದಲ್ಲಿ ಪ್ಯಾಂಟಿನ ಬಟ್ಟೆಯ ತುಂಡೊಂದನ್ನು ತಂದಳು. ಅದರಲ್ಲಿ ದಪ್ಪ ನೂಲು ಪೋಣಿಸಿ, ಎಳೆದರೂ ಕಳಚದಂತೆ ಎರಡೂ ತುದಿಗೆ ಗಂಟು ಹಾಕಿದ್ದಳು. ಸೂಜಿ ಇರಲಿಲ್ಲ. ಮಂಚದ ಬಳಿ ಬಂದವಳೇ ಯಾರನ್ನೂ ಕೇಳದೆ ಎರಡೂ ಕೈಗಳ ಪಟ್ಟಿ ಬಿಚ್ಚಿದಳು. ಮಣಿಕಟ್ಟಿನಲ್ಲಿ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು.

“ಹಲೋ! ಪರ್ಮಿಷನ್ ಇಲ್ಲದೆ ಹಾಗೆಲ್ಲ ತೆಗೆಯೋ ಹಾಗಿಲ್ಲ. ಪ್ರೊಟೋಕಾಲ್ ಇದೆ,” ಎನ್ನುತ್ತ ಹೆಡ್ ನರ್ಸ್ ಓಡಿಬಂದರು.

“ಸೀನ್ ಮಾಡ್ಬೇಡ ಕಣೇ,” ಎಂದ ಅಣ್ಣ.

ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿ ಅವಳದು. “ಕಟ್ಟಿರೋದು ಕೈ ಸಿಸ್ಟರ್! ಕೈ! ಇಲ್ಲಿಂದ ನಾನು ಏಳಲ್ಲ. ಟ್ಯೂಬ್ ಕಿತ್ತುಬಂದ್ರೆ ನನ್ನನ್ನ ಕೇಳಿ. ಅಲ್ಲಿವರೆಗೆ ಈ ಪಟ್ಟಿ ಯಾರೂ ಮುಟ್ಟೋ ಹಾಗಿಲ್ಲ.”

ವಾರ್ಡಿನ ತಲೆಗಳೆಲ್ಲ ಇತ್ತ ತಿರುಗಿದವು. ನರ್ಸ್ ಏನೋ ಹೇಳಹೊರಟು, ದೊಡ್ಡಮ್ಮನಿಗೆ ಮಂಪರು ಹತ್ತಿದ್ದು ನೋಡಿ ನಿಂತರು. ಬಲಗೈ ಎದ್ದಿತು. ಎದೆ ದಾಟಿ, ಗಲ್ಲ ದಾಟಿ ಬೆರಳುಗಳು ನಳಿಕೆಗೆ ತಗುಲಿದವು. ನರ್ಸಿನ ಕೈ ಮುಂದೆ ಬಂತು. ಅಷ್ಟರಲ್ಲಿ ತಂಗಿಯ ಮಗಳು ದೊಡ್ಡಮ್ಮನ ಬೆರಳನ್ನು ನಿಧಾನವಾಗಿ ಸರಿಸಿ, ಅದಕ್ಕೆ ನೂಲು ಕೊಟ್ಟಳು. ಬೆರಳು ಹಿಡಿಯಿತು, ಎಳೆಯಿತು. ಗಂಟು ಬಟ್ಟೆಗೆ ತಾಕಿದಾಗ ನಿಂತಿತು. ಎಡಗೈ ತಾನಾಗಿ ಬಂದು ಬಟ್ಟೆಯನ್ನು ಸರಿಮಾಡಿತು.

ನರ್ಸ್ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. “ನನಗೆ ಇವರೊಬ್ಬರೇ ಅಲ್ಲ, ಗೊತ್ತಲ್ಲ?” ಎಂದಷ್ಟೇ ಹೇಳಿ ಹೋದರು.

ಸಂಜೆ ಪಾಳಿ ಬದಲಾಗುವ ಹೊತ್ತಿಗೆ ನಳಿಕೆ ಇದ್ದಲ್ಲೇ ಇತ್ತು. ಆದರೂ ಹೆಡ್ ನರ್ಸ್ ಪಟ್ಟಿ ಹಿಡಿದೇ ಬಂದರು. “ನೈಟ್‌ಗೆ ಮಾತ್ರ ರಿಸ್ಟ್ರೇಂಟ್...”

ದೊಡ್ಡಮ್ಮ ಪೂರ್ತಿ ಎಚ್ಚರವಾಗಿದ್ದರು. “ಹಾಗಲ್ಲ. ಏನು ಮಾಡ್ತೀರೋ ಅದನ್ನ ನನ್ನ ಮುಖ ನೋಡಿ ಕನ್ನಡದಲ್ಲಿ ಕೇಳಿ.”

ನರ್ಸ್ ಮಗನ ಕಡೆ ನೋಡಿದರು. ಅವನು ಫೋನು ನೋಡಿದ. ಬೇರೆ ದಾರಿ ಇರಲಿಲ್ಲ.

“ಅಮ್ಮ,” ಎಂದರು ನರ್ಸ್. ದನಿ ಸಣ್ಣಗಾಗಿತ್ತು. “ನಿಮ್ಮ ಕೈ ಕಟ್ಟಿಹಾಕಲಾ?”

“ಬೇಡ.”

“ರಾತ್ರಿಗೂ ನಾನೇ ಕೂತಿರ್ತೀನಿ ಸಿಸ್ಟರ್,” ಎಂದಳು ತಂಗಿಯ ಮಗಳು. “ನಾಳೆ ಅಣ್ಣ.”

ಮಗ ತಲೆಯೆತ್ತಿ, ಅಮ್ಮನ ಮಣಿಕಟ್ಟು ನೋಡಿ, ಹೂಂ ಎಂದ.

“ಆ ಪಟ್ಟಿ ನೋಡಿದ್ಯೇನೇ?” ದೊಡ್ಡಮ್ಮ ತಂಗಿಯ ಮಗಳಿಗೆ ಹೇಳಿದರು. “ಅಂಚೇ ಹೊಲಿದಿಲ್ಲ. ಕಟ್ಟೋದರಲ್ಲೂ ಸೋಮಾರಿತನ.”

ನರ್ಸ್ ಪಟ್ಟಿಯನ್ನು ಜೇಬಿಗೆ ತುರುಕಿಕೊಂಡು ಮುಂದಿನ ಮಂಚಕ್ಕೆ ಹೋದರು. ಅಲ್ಲಿ ಮುದುಕರೊಬ್ಬರ ಕೈಯನ್ನೂ ಸರಳಿಗೆ ಕಟ್ಟಿದ್ದರು. ಸಡಿಲವಾಗಿದ್ದ ಗಂಟನ್ನು ಹಿಡಿದ ನರ್ಸ್, ಅದನ್ನು ಬಿಗಿ ಮಾಡುವ ಮೊದಲು ಒಮ್ಮೆ ನಿಂತರು.

“ಅಜ್ಜ, ಕೈ ಕಟ್ತೀನಿ.”

“ಯಾಕಮ್ಮ?” ಮುದುಕರು ಗಟ್ಟಿಯಾಗಿ ಕೇಳಿದರು.