ಮುಚ್ಚಿದರೂ ಬಿಡದ ಸಂಪರ್ಕ

ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆ. ಅರಕಲಗೂಡಿನ ನಮ್ಮ ಶುಂಠಿ ಬೆಳೆಗಾರರ ಸಂಘದ ಅಂಗಳದಲ್ಲಿ ಮರಿಯಣ್ಣನ ಟ್ರ್ಯಾಕ್ಟರು ನಿಂತಿತ್ತು. ಅದರ ತುಂಬ ಬಿತ್ತನೆಗೆಂದು ತೆಗೆದಿಟ್ಟ ಶುಂಠಿ. ಹೊದಿಸಲು ಟಾರ್ಪಾಲು ತಂದಿರಲಿಲ್ಲ. ಮೋಡ ಕಟ್ಟುತ್ತಿತ್ತು. ನೆನೆದರೆ ಕೊಳೆಯುತ್ತದೆ, ಕೊಳೆತರೆ ಅವನಿಗೆ ಈ ವರ್ಷ ಬೆಳೆಯಿಲ್ಲ.

ಗೋದಾಮಿಗೆ ಇಳಿಸಲು ಕಂಪ್ಯೂಟರಿನಿಂದ ಜಾಗದ ಚೀಟಿ ಬರಬೇಕು. ಚೀಟಿಯಿಲ್ಲದೆ ಇಳಿಸಿದ್ದಕ್ಕೆ ಹೋದ ವರ್ಷ ಯಾರ ಮೂಟೆ ಯಾವುದೆಂದು ತಿಳಿಯದೆ ಹೊಡೆದಾಟವಾಗಿತ್ತು. ಆದುದರಿಂದ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಸಂಘದ ಕಾರ್ಯದರ್ಶಿಯಾದ ನಾನು ಹಾಗೇ ಇಳಿಸಲು ಒಪ್ಪಲಿಲ್ಲ.

ಪ್ರೋಗ್ರಾಂ ತೆರೆಯಲಿಲ್ಲ. ಗುಮಾಸ್ತ ರವೀಶ್ ಕಂಪ್ಯೂಟರನ್ನು ಆರಿಸಿ ಹಚ್ಚಿದ್ದೂ ವ್ಯರ್ಥವಾಯಿತು.

“ಅದ್ಕೂ ಉಸಾರಿಲ್ವೇನ್ಲಾ?” ಎಂದ ಮರಿಯಣ್ಣ.

“ಸುಮ್ನಿರಣ್ಣ, ನಿನ್ ಟ್ರ್ಯಾಕ್ಟರಂಗೆ ತಳ್ಳುದ್ರೆ ಓಡೋದಲ್ಲ ಇದು,” ಎಂದ ರವೀಶ್.

ಪ್ರೋಗ್ರಾಂ ಬರೆದ ಶೋಭಿತಾಳಿಗೆ ಹಾಸನಕ್ಕೆ ಫೋನ್ ಮಾಡಿದೆ.

“ಎಲ್ಲ ಶಾಖೆಗಳ ಲೆಕ್ಕವಿರುವ ಡೇಟಾಬೇಸಿಗೆ ಒಮ್ಮೆಗೆ ಇಷ್ಟೇ ಕನೆಕ್ಷನ್ ಅಂತ ಮಿತಿ ಇದೆ, ಸಾರ್. ಎಲ್ಲ ತುಂಬಿದೆ. ಹೆಚ್ಚಿನವು ಚನ್ನರಾಯಪಟ್ಟಣದ್ದು.”

ಅಲ್ಲಿರುವುದು ಒಂದೇ ಕಂಪ್ಯೂಟರು. ಅಲ್ಲಿಯ ಶಾಖೆಯ ಸಂಪತ್ಕುಮಾರರನ್ನೂ ಅದೇ ಕರೆಗೆ ಸೇರಿಸಿಕೊಂಡೆ.

“ನಮ್ಮದೇ? ಈಗ ರಾಹುಕಾಲ, ಪ್ರೋಗ್ರಾಂ ಮುಚ್ಚಿಟ್ಟಿದ್ದೇನೆ. ಗುಳಿಕಕಾಲ, ಯಮಗಂಡಕ್ಕೂ ಮುಚ್ಚುತ್ತೇನೆ. ಆಮೇಲೆ ತೆರೆಯುತ್ತೇನೆ. ಕಂಪ್ಯೂಟರನ್ನು ಮಾತ್ರ ರಾತ್ರಿಯೂ ಆರಿಸುವುದಿಲ್ಲ. ಅದು ಏಳಲು ಬಹಳ ಹೊತ್ತು.”

“ಊಟಕ್ಕೆ ಯಾವ ಕಾಲ ಉಳಿಯುತ್ತದೆ?” ಎಂದೆ.

“ಅದಕ್ಕೆ ಕಾಲ ನೋಡುವುದಿಲ್ಲ, ಸ್ವಾಮಿ.”

ಶೋಭಿತಾ ಕೀಲಿಮಣೆ ಕುಟ್ಟುವುದು ಕೇಳಿಸಿತು. ಬಳಿಕ ಹೇಳಿದಳು: “ಮುಚ್ಚಿದರೆ ಪರದೆಯಿಂದ ಮಾತ್ರ ಹೋಗುತ್ತದೆ, ಸಾರ್. ಒಳಗೆ ನಡೆಯುತ್ತಲೇ ಇದ್ದು, ಹಿಡಿದ ಕನೆಕ್ಷನ್ ಬಿಡುವುದಿಲ್ಲ. ಮತ್ತೆ ತೆರೆದಾಗ ಹೊಸವು ಸೇರುತ್ತವೆ. ಮುಚ್ಚುವಾಗ ಬಿಟ್ಟುಕೊಡುವುದನ್ನು ನಾನು ಬರೆದೇ ಇಲ್ಲ. ಸಂಜೆ ಎಲ್ಲರೂ ಕಂಪ್ಯೂಟರನ್ನೇ ಆರಿಸುತ್ತಾರೆ ಎಂದುಕೊಂಡಿದ್ದೆ.”

“ಈಗೇನು ಮಾಡುವುದು?”

“ಹಳೆಯವನ್ನು ಇಲ್ಲಿಂದ ಬಿಡಿಸಿದೆ. ತೆರೆಯಿರಿ.”

ತೆರೆಯಿತು. ಚೀಟಿ ಬಂತು. ರವೀಶನೂ ಮೂಟೆಗೆ ಹೆಗಲು ಕೊಟ್ಟ. ಕೊನೆಯ ಮೂಟೆ ಒಳಗೆ ಹೋದ ಮೇಲೆ ಮಳೆ ಹನಿಯಿತು.

ಮಧ್ಯಾಹ್ನದೊಳಗೆ ಶೋಭಿತಾ ತಿದ್ದಿದ ಪ್ರೋಗ್ರಾಮನ್ನು ಎಲ್ಲ ಶಾಖೆಗಳಿಗೂ ಕಳುಹಿಸಿದಳು. ಮುಚ್ಚೆಂದರೆ ಅದು ಕೈಯಲ್ಲಿರುವ ಕೆಲಸ ಮುಗಿಸಿ, ಕನೆಕ್ಷನ್‌ಗಳನ್ನೆಲ್ಲ ಬಿಟ್ಟು, ಆಮೇಲೆ ತಾನು ನಿಲ್ಲಬೇಕು. ಮೂರು ಗಂಟೆಗೆ ಯಮಗಂಡ. ಸಂಪತ್ಕುಮಾರರು ಮುಚ್ಚಿದರು. ನಾನು ಫೋನ್ ಹಿಡಿದು ಕಾದೆ.

“ಚನ್ನರಾಯಪಟ್ಟಣದ್ದು ಸೊನ್ನೆ, ಸಾರ್,” ಎಂದಳು ಶೋಭಿತಾ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಮಳೆ ಬಲವಾಗಿತ್ತು. ಮರಿಯಣ್ಣ ಗೋದಾಮಿನ ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದ. “ಉಯ್ಲಿ ಬುಡಿ ಮೇಷ್ಟ್ರೇ,” ಎಂದ. “ಈಗ ಎಷ್ಟಾರಾ ಉಯ್ಲಿ.”