ಬೆನ್ನ ಕೆಳಗಿನ ಕೈ

"ಟವೆಲ್ ಯಾವ ಬಣ್ಣದ್ದು?" ಅಪ್ಪ ಬಾತ್‌ರೂಮಿನ ಒಳಗಿಂದಲೇ ಕೂಗಿ ಕೇಳಿದರು.

ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಮಗ ಕೈ ತಡೆದ. ಬಾಗಿಲ ಮೇಲೆ ಒಣಗುತ್ತಿದ್ದ ಟವೆಲ್ ಬಿಳಿಯದು. ಅಪ್ಪ ಕೇಳುತ್ತಿರುವುದು ಅದನ್ನಲ್ಲ ಎಂದು ಹೊಳೆಯಲು ಅರೆಗಳಿಗೆ ಬೇಕಾಯಿತು.

"ಕೆಂಪು" ಎಂದ.

"ಕೆಂಪು. ಹೌದೌದು." ಒಳಗೆ ನಲ್ಲಿ ನಿಂತಿತು. "ಭಾನುವಾರ ತಾನೇ?"

"ಭಾನುವಾರ ಬೆಳಿಗ್ಗೆ."

"ಸರಿ ಬಿಡು."

ಅವನು ಬಾಗಿಲ ಹೊರಗೆ ಹಾಗೇ ನಿಂತ. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು: ನಿಮಗೆ ನೆನಪಿದೆಯೋ, ಇಲ್ಲಾ ಬಾಯಿಪಾಠ ಮಾಡುತ್ತಿದ್ದೀರೋ? ಆದರೆ ಮೈ ಒರೆಸಿಕೊಳ್ಳುತ್ತಿರುವ ಅಪ್ಪನನ್ನು, ಅದೂ ಮುಚ್ಚಿದ ಬಾಗಿಲಿನಾಚೆಯಿಂದ, ಯಾರೂ ಹಾಗೆಲ್ಲ ಕೇಳುವುದಿಲ್ಲ.

"ಮಾವಂಗೆ ನಿನ್ನೆಯಿಂದ ಪರೀಕ್ಷೆ ಬಂದ ಹಾಗಾಗಿದೆ" ಎಂದಳು ಹೆಂಡತಿ, ಅಡುಗೆಮನೆಯಿಂದ. "ಫೋನಲ್ಲಿ ನಿಮ್ಮ ಭಾಷಣ ಹಾಕ್ಕೊಂಡು ಕೂತಿದ್ರು. ಒಂದೇ ಕಡೆ ನಿಲ್ಸಿ ನಿಲ್ಸಿ ಕೇಳ್ತಿದ್ರು."

"ಯಾವ ಕಡೆ?"

"ನನಗೇನು ಗೊತ್ತು? ಅದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ." ಹೊರಗೆ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೆಸರಿಗೆ ಹೋಗೋರಿಗೆ ಇಸ್ತ್ರಿ ಷರ್ಟು ಬೇರೆ."

ಕೆರೆ ಉಳಿಸುವ ಟ್ರಸ್ಟೊಂದಕ್ಕೆ ಹಣ ಹೊಂದಿಸುವುದು ಅವನ ಕೆಲಸ. ವಿಸಿಟಿಂಗ್ ಕಾರ್ಡಿನ ಮೇಲೆ ಅದಕ್ಕೆ ಉದ್ದದ ಹೆಸರಿದೆ. ನೆಂಟರ ಬಾಯಲ್ಲಿ ಅವನು ಚಂದಾ ಎತ್ತುವವನು. ಇತಿಹಾಸದಲ್ಲಿ ಎಂ.ಎ. ಮಾಡಿದ್ದು ಎಲ್ಲಿ ಉಪಯೋಗಕ್ಕೆ ಬಂತು ಎಂದು ಯಾರಾದರೂ ಕೇಳಿದರೆ, ಕರಪತ್ರದ ಮೊದಲ ವಾಕ್ಯದಲ್ಲಿ ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಅವನು ನಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದ ಮೊದಲ ಮನವಿಯಲ್ಲಿ ಎಲ್ಲವೂ ಇತ್ತು: ತುಂಬಿದ ಹೂಳು, ಒಡೆದ ತೂಬು, ಗುಡ್ಡದಿಂದ ನೀರು ತರುತ್ತಿದ್ದು ಈಗ ಮುಚ್ಚಿಹೋಗಿರುವ ಕಾಲುವೆಗಳು. ಟ್ರಸ್ಟಿನ ಮೇಡಂ ಓದಿ ನಿಟ್ಟುಸಿರು ಬಿಟ್ಟಿದ್ದರು. "ಹೂಳಿಗೆ ಯಾರೂ ದುಡ್ಡು ಕೊಡಲ್ಲ. ನಿಮ್ಮದೇ ಏನಾದ್ರೂ ನೆನಪು ಹಾಕಿ."

ಅವನ ಬಳಿ ಇದ್ದದ್ದು ಒಂದೇ. ನೀರಿನ ಮೇಲೆ ಅಂಗಾತ ಮಲಗಿದ್ದಾನೆ, ಕಣ್ತುಂಬ ಆಕಾಶ, ಬೆನ್ನ ಕೆಳಗೆ ಒಂದು ಕೈ. ಅಷ್ಟೇ. ಹಿಂದಿಲ್ಲ, ಮುಂದಿಲ್ಲ. ಆದರೆ ಭಯವಿರಲಿಲ್ಲ, ಅದು ಚೆನ್ನಾಗಿ ನೆನಪಿದೆ. ಆಮೇಲೆ ಯಾವ ಹಾಸಿಗೆಯಲ್ಲೂ ಅವನು ಹಾಗೆ ನಿಶ್ಚಿಂತೆಯಿಂದ ಮಲಗಿದ್ದಿಲ್ಲ. ಇದ್ದ ಹಾಗೇ ಬರೆದುಕೊಟ್ಟ: ಒಂದು ಕೈ.

"ಯಾರ ಕೈ?" ಮೇಡಂ ಕೇಳಿದರು.

"ಗೊತ್ತಿಲ್ಲ."

"ಓದೋರಿಗೆ ಗೊತ್ತಾಗ್ಬೇಕಲ್ಲ." ಪೆನ್ಸಿಲಿನಿಂದ 'ಒಂದು' ಎಂಬುದನ್ನು ಹೊಡೆದುಹಾಕಿ ಮೇಲೆ 'ಅಪ್ಪನ' ಎಂದು ಬರೆದರು. ಅವನು ಬೇಡ ಎನ್ನಲಿಲ್ಲ. ಬೇಡ ಎನ್ನಲು ಕಾರಣವೂ ಹೊಳೆಯಲಿಲ್ಲ.

ಮರುವರ್ಷ ಆ ನೀರು ಟ್ರಸ್ಟು ಉಳಿಸಹೊರಟಿದ್ದ ಕೆರೆಯದೇ ಆಯಿತು. ಅದರ ಮರುವರ್ಷ ಆ ದಿನ ಭಾನುವಾರವಾಯಿತು. ದೇಣಿಗೆ ಕೇಳುವ ಕಲೆಯ ಬಗ್ಗೆ ನಡೆದ ತರಬೇತಿಯಲ್ಲಿ, ಕಥೆಯಲ್ಲೊಂದು ಬಣ್ಣವಿದ್ದರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದರು. ಕೆಂಪು ಟವೆಲ್ ಬಂತು. ಜನ ಕಣ್ಣೊರೆಸಿಕೊಂಡು ಚೆಕ್ ಬರೆದರು. ಈಗ ಕಣ್ಣು ಮುಚ್ಚಿದರೆ ಅವನಿಗೆ ಕೈಗಿಂತ ಮೊದಲು ಟವೆಲ್ ಕಾಣುತ್ತದೆ. ತನ್ನ ಬಳಿ ಇದ್ದದ್ದು ಒಂದೇ ಒಂದು, ಅದನ್ನೂ ತಾನೇ ಹಾಳುಮಾಡಿಕೊಂಡೆ ಎಂದು ಎಷ್ಟೋ ಬಾರಿ ಮೈ ಉರಿದಿದೆ.

ಕೇಳಬಹುದಾಗಿದ್ದವಳು ಅಮ್ಮ. ಅಮ್ಮ ಹೋಗಿ ಬಹಳ ವರ್ಷಗಳಾದವು. ಅಪ್ಪ ಇದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಇದ್ದಾರೆ. ಪಕ್ಕದ ಕೋಣೆಗೆ ಹೋಗಿ ಕೇಳುವುದು ಯಾಕೋ ಆಗಿರಲಿಲ್ಲ.

ಹೋದ ವಾರ ಗುಂಡಿ ಕಾರ್ಖಾನೆಯ ಯಜಮಾನರು ಫೋನ್ ಮಾಡಿದ್ದರು. ದೇಶದ ಅರ್ಧ ಷರ್ಟುಗಳಿಗೆ ಅವರದೇ ಗುಂಡಿ. ಕೆರೆಯ ಹೂಳೆತ್ತಿಸುವ ಖರ್ಚು ಪೂರ್ತಿ ವಹಿಸಿಕೊಳ್ಳುವ ಮಾತಾಡಿ, ಕೊನೆಗೆ ಕೇಳಿದ್ದರು. "ನಿಮ್ಮ ತಂದೆಯವರು ಇದ್ದಾರಾ? ಕೆರೆ ಹತ್ರ ಕರ್ಕೊಂಡು ಬನ್ನಿ. ಆ ಕಥೆ ನನಗೆ ಅವರ ಬಾಯಲ್ಲಿ ಕೇಳ್ಬೇಕು."

ಮೇಡಂಗೆ ಹಣದ ಚಿಂತೆ. ಅವನಿಗೆ ಬೇರೆಯೇ ಆಸೆ ಹುಟ್ಟಿತು. ಅಪ್ಪ ಎಲ್ಲರೆದುರು ಬಾಯಿ ಬಿಡಲೇಬೇಕು. ಬಾಯಿ ಬಿಟ್ಟರೆ ಆ ಕೈ ಯಾರದೆಂದು ಗೊತ್ತಾಗುತ್ತದೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತರು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ನಿವೃತ್ತಿಯಾದರೂ ಎದುರಿಗೆ ಬಸ್ಸು ಬಂದಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತರೆ ಅವನಿಗೆ ಈಗಲೂ ತಡವಾಗಿದೆ ಎನ್ನಿಸುತ್ತದೆ. ಅಪ್ಪನ ಕೈ ತನ್ನ ಬೆನ್ನಿಗೆ ತಾಗಿದ್ದು ಖಚಿತವಾಗಿ ನೆನಪಿರುವುದು ಶಾಲೆಯ ಬಸ್ ಹತ್ತಿಸುವಾಗ ಮಾತ್ರ. ತಳ್ಳುತ್ತಿದ್ದರು.

"ಅಪ್ಪಾ, ನಿಮಗೆ ಭಾನುವಾರ ರಜೆ ಇರ್ತಿತ್ತಾ?"

"ಕೆಲವು ಸಲ."

"ನಾನು ಚಿಕ್ಕವನಿದ್ದಾಗ?"

"ನೀನು ಚಿಕ್ಕವನಿದ್ದಾಗ ಡಿಪೋದಲ್ಲಿ ನಾನೂ ಚಿಕ್ಕವನೇ. ಚಿಕ್ಕವರಿಗೆ ಯಾರು ಭಾನುವಾರ ರಜೆ ಕೊಡ್ತಾರೆ?"

"ಹಾಗಾದ್ರೆ..."

"ನೋಡು, ಈ ಗಾಡಿ ಲೇಟು" ಎಂದರು ಅಪ್ಪ, ಎದುರಿಂದ ಬಂದ ಬಸ್ಸನ್ನು ನೋಡಿ. "ಡ್ರೈವರ್ ಎಲ್ಲೋ ಟೀಗೆ ನಿಲ್ಸಿದಾನೆ."

ಕೆರೆಯ ಏರಿಯ ಕೆಳಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಬ್ಯಾನರು. ಬ್ಯಾನರಿನಲ್ಲಿ ಮೀನು ಕಚ್ಚಿಕೊಂಡು ಏಳುತ್ತಿರುವ ಮಿಂಚುಳ್ಳಿ. ಅದು ಬೇರೆ ಯಾವುದೋ ಕೆರೆಯ ಮಿಂಚುಳ್ಳಿ. ಈ ಕೆರೆಯಲ್ಲಿ ಸದ್ಯಕ್ಕೆ ಒಂದು ಕೊಕ್ಕರೆಯಿತ್ತು. ನಟ್ಟನಡುವೆ ನಿಂತಿದ್ದರೂ ಅದರ ಮಂಡಿ ಒಣಗಿತ್ತು. ಅಲ್ಲಿ ಹಿಂದೆ ಎರಡಾಳು ನೀರಿತ್ತೆಂದು ಕರಪತ್ರದಲ್ಲಿದೆ. ಬರೆದವನು ಅವನೇ.

ಯಜಮಾನರು ಮುಂದಿನ ಸಾಲಿನಲ್ಲಿ, ಬೂಟು ಕೆಸರಾಗದಂತೆ ಕಾಲು ಎತ್ತಿಕೊಂಡು ಕೂತಿದ್ದರು. ದಪ್ಪ ಕನ್ನಡಕ, ಮೆತ್ತಗಿನ ದನಿ. ಅಪ್ಪನನ್ನು ಕಂಡವರೇ ಎದ್ದು ಎರಡೂ ಕೈ ಹಿಡಿದುಕೊಂಡರು.

"ಇದೇ ಕೈ ಅಲ್ವಾ?"

ಅಪ್ಪ ತಮ್ಮ ಕೈಯನ್ನೇ ನೋಡಿಕೊಂಡರು, ಯಾರೋ ತಂದುಕೊಟ್ಟಂತೆ. "ಹೂಂ, ಇದೇ" ಎಂದರು.

ಮೊದಲು ಅವನ ಭಾಷಣ. ತನ್ನ ದನಿ ಮೈಕಿನಲ್ಲಿ ತನಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿರುವಂತೆ ಅವನಿಗೆ ಕೇಳಿಸಿತು. ಕಾಲುವೆ, ತೂಬು, ಹೂಳು, ಆಮೇಲೆ ಭಾನುವಾರ. 'ಹೆದರಬೇಡ, ಕೈ ಇದೆ' ಎಂಬಲ್ಲಿ ಗಂಟಲು ಕಟ್ಟಬೇಕು. ಕಟ್ಟಿತು. ಅದು ಎಂದೂ ಕೈಕೊಟ್ಟಿದ್ದಿಲ್ಲ.

ಆಮೇಲೆ ಅಪ್ಪ ಎದ್ದರು. ಮೈಕನ್ನು ಟಿಕೆಟ್ ಯಂತ್ರದಂತೆ ಎದೆಗೆ ಹಿಡಿದುಕೊಂಡರು.

"ಭಾನುವಾರ ಬೆಳಿಗ್ಗೆ. ಇವನಿಗೆ ಐದೋ ಆರೋ. ಹೆಗಲ ಮೇಲೆ ಕೆಂಪು ಟವೆಲ್ ಹಾಕ್ಕೊಂಡು ಕರ್ಕೊಂಡು ಬಂದೆ. ನೀರು ಕಂಡು ನಡುಗಿದ. ಹೆದರಬೇಡ, ಕೈ ಇದೆ ಅಂದೆ." ಅಪ್ಪ ಸುಮ್ಮನಾದರು. ಅವನು ಎಲ್ಲಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದನೋ ಸರಿಯಾಗಿ ಅಲ್ಲೇ, ಅಷ್ಟೇ ಹೊತ್ತು.

ಒಂದಕ್ಷರ ಆಚೀಚೆಯಿಲ್ಲ. ನಿಲ್ಲಿಸಿ ನಿಲ್ಲಿಸಿ ಕೇಳಿದ್ದು ಇದನ್ನೇ. ಇನ್ನು ಅಪ್ಪ ಕೂರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡ.

ಅಪ್ಪ ಕೂರಲಿಲ್ಲ.

"ವಾಪಸ್ ಬರ್ವಾಗ ಇವನ ಕಿವಿಗೆ ನೀರು ಹೋಗಿತ್ತು" ಎಂದರು. "ತಲೆ ಒಂದು ಕಡೆ ವಾಲಿಸ್ಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸ್ತಾ ಬಂದ, ಮನೆ ತನಕ. ರಸ್ತೆಯೋರೆಲ್ಲ ನಿಂತು ನಕ್ಕರು. ನನಗೂ ನಗು. ಇವನಿಗೆ ಸಿಟ್ಟು."

ಇದು ಭಾಷಣದಲ್ಲಿರಲಿಲ್ಲ. ಯಾವ ವರ್ಷದ ಕರಪತ್ರದಲ್ಲೂ ಇರಲಿಲ್ಲ. ಅವನ ಎದೆ ಒಮ್ಮೆಲೇ ಹಗುರಾಯಿತು. ಖುಷಿಗೆ ಕಣ್ಣು ಮಂಜಾಯಿತು. ಹಾಗಾದರೆ ನಿಜ. ಅಪ್ಪನೇ. ಎದ್ದು ಹೋಗಿ ತಬ್ಬಿಕೊಳ್ಳಬೇಕೆನ್ನಿಸಿತು. ಏಳಲು ಹೋದರೆ ಕುರ್ಚಿಯ ಹಿಂದಿನ ಕಾಲು ಕೆಸರಿನಲ್ಲಿ ಹೂತು ಅವನನ್ನು ವಾಪಸ್ ಕೂರಿಸಿತು.

ಯಜಮಾನರು ಕನ್ನಡಕ ತೆಗೆದು ಒರೆಸುತ್ತಿದ್ದರು. "ನಮ್ಮಪ್ಪ ನನ್ನ ಮುಟ್ಟಿದ್ದೇ ಹೊಡಿಯೋಕೆ" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಮೇಡಂ ಕಡೆ ತಿರುಗಿ ತಲೆಯಾಡಿಸಿದರು. ಕೆರೆಗೆ ಹಣ ಬಂತು.

ಎಲ್ಲರೂ ಟೀಗೆ ಎದ್ದಾಗ ಅವನು ಅಪ್ಪನನ್ನು ಶಾಮಿಯಾನದ ಕಂಬದ ಪಕ್ಕಕ್ಕೆ ಕರೆದುಕೊಂಡು ಹೋದ.

"ಅಪ್ಪಾ, ಕಿವಿಗೆ ನೀರು ಹೋಗಿದ್ದು..."

"ಚೆನ್ನಾಗಿತ್ತಾ?"

"ನಿಜವಾಗ್ಲೂ ಹೋಗಿತ್ತಾ?"

ಅಪ್ಪ ಟೀ ಊದಿದರು. "ಎಲ್ಲ ಮಕ್ಕಳ ಕಿವಿಗೂ ಹೋಗುತ್ತಪ್ಪ."

"ಎಲ್ಲ ಮಕ್ಕಳದ್ದಲ್ಲ. ನನ್ನದು."

"ಯಾಕೆ, ಏನಾದ್ರೂ ತಪ್ಪಾಯ್ತಾ? ನೀನು ಹೇಳಿದ್ದನ್ನೆಲ್ಲ ಹೇಳಿದ್ನಲ್ಲ."

ಅಪ್ಪನ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಮಗನ ಕೆಲಸ ಕೆಡಿಸಿಬಿಟ್ಟೆನೇನೋ ಎಂಬ ಗಾಬರಿ. ಇದಕ್ಕಿಂತ ಪ್ರೀತಿಯ ಮುಖವನ್ನು ಅವನು ಅಪ್ಪನಲ್ಲಿ ಕಂಡಿರಲಿಲ್ಲ. ಅವನಿಗೆ ಆ ಪ್ರೀತಿಯ ಮೇಲೂ ರೇಗಿತು.

ಅಷ್ಟರಲ್ಲಿ ಮೇಡಂ ಫೋಟೋಗ್ರಾಫರನನ್ನು ಕರೆದುಕೊಂಡು ಬಂದರು. ಹೊಸ ಕರಪತ್ರಕ್ಕೆ ಒಂದು ಫೋಟೋ. ಅಪ್ಪ, ಮಗ, ನೀರು. "ಅದೇ ಥರ ಮಲಗ್ಬೇಕು. ಯಜಮಾನರ ಆಸೆ." ಅವರ ಕೈಯಲ್ಲಿ ಕೆಂಪು ಟವೆಲ್ ಇತ್ತು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಮೇಡಂ, ನೀರೇ ಇಲ್ಲವಲ್ಲ ಅಲ್ಲಿ."

"ಕ್ಯಾಮೆರಾಗೆ ಗೊತ್ತಾಗಲ್ಲ ಬಿಡಿ."

ಅಪ್ಪ ಆಗಲೇ ಪ್ಯಾಂಟು ಮಡಚಿಕೊಳ್ಳುತ್ತಿದ್ದರು.

ಇಬ್ಬರೂ ಇಳಿದರು. ಪಾದ ಕಣಕಾಲಿನವರೆಗೆ ಹೂಳಿನಲ್ಲಿ ಹೋಗುತ್ತಿತ್ತು, ಎತ್ತಿದರೆ ಬಾಯಿ ಚಪ್ಪರಿಸಿದಂತೆ ಸದ್ದು. ಫೋಟೋಗ್ರಾಫರ್ ದಂಡೆಯಿಂದ ಇನ್ನೂ ಮುಂದೆ, ಇನ್ನೂ ಮುಂದೆ ಎಂದ. ಕೊಕ್ಕರೆ ಬೇಸರದಿಂದ ಎದ್ದು ಹೋಯಿತು. ಎಷ್ಟು ಮುಂದೆ ಹೋದರೂ ನೀರು ಮಂಡಿಯನ್ನೂ ಮುಟ್ಟಲಿಲ್ಲ.

ಅವನು ಇಸ್ತ್ರಿ ಷರ್ಟಿನಲ್ಲೇ ಅಂಗಾತ ಮಲಗಿದ. ಅಪ್ಪ ಕಷ್ಟಪಟ್ಟು ಮಂಡಿಯೂರಿದರು. ಕೈ ನೀರೊಳಗೆ ಇಳಿದದ್ದು ಕಂಡಿತು. ಬೆನ್ನ ಕೆಳಗೆ ಮೆತ್ತಗೆ, ತಣ್ಣಗೆ, ಅಗಲವಾಗಿ ಏನೋ ತಾಗಿತು. ಮೈ ಸಡಿಲವಾಯಿತು. ಕಿವಿ ಮುಳುಗಿ, ದಂಡೆಯ ಗದ್ದಲವೆಲ್ಲ ಒಮ್ಮೆಗೇ ನಿಂತುಹೋಯಿತು. ಕಣ್ತುಂಬ ಆಕಾಶ.

ಭಯವಿರಲಿಲ್ಲ. ಅದೇ ಇದು. ಅವನಿಗೆ ಅಳು ಬಂತು.

"ಅಪ್ಪಾ, ಅವತ್ತು ನೀವೇನಾ?" ಎಂದು ಕೇಳಿಯೇಬಿಟ್ಟ. ತನ್ನ ದನಿ ತಲೆಬುರುಡೆಯೊಳಗೇ ಗುಂಯ್‌ಗುಟ್ಟಿತು. ಆಕಾಶದ ಅಂಚಿನಲ್ಲಿ ಅಪ್ಪನ ಮುಖ ಬಾಗಿತು. ಅಪ್ಪನ ಬಾಯಿ ಆಡಿತು. ಬಹಳ ಹೊತ್ತು ಆಡಿತು. ಅಪ್ಪ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವನು ನೋಡಿರಲಿಲ್ಲ. ಕಿವಿಯಲ್ಲಿ ಬರೀ ನೀರು. ತಲೆ ಎತ್ತಿದರೆ ಕೇಳಿಸೀತು. ತಲೆ ಎತ್ತಿದರೆ ಕೈ ಜಾರೀತು. ಅವನು ಎತ್ತಲಿಲ್ಲ.

ಮುಖ ಹೋಯಿತು. ಆಕಾಶ ಪೂರ್ತಿ ಖಾಲಿಯಾಯಿತು. ಬೆನ್ನ ಕೆಳಗಿನ ಕೈ ಅಲುಗದೆ ಹಿಡಿದಿತ್ತು. ಅವನು ಕಣ್ಣು ಮುಚ್ಚಿ ತನ್ನ ಭಾರವನ್ನೆಲ್ಲ ಅದಕ್ಕೆ ಬಿಟ್ಟ.

ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದು ದಂಡೆಯ ಕಡೆ ಹೊರಳಿಸಿದ. ಫೋಟೋಗ್ರಾಫರ್ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದ. ಯಜಮಾನರು ಬೂಟು ಒರೆಸಿಕೊಳ್ಳುತ್ತಿದ್ದರು. ಅಪ್ಪ ದಂಡೆಯ ಕಲ್ಲಿನ ಮೇಲೆ ಕೂತು ಕೆಂಪು ಟವೆಲಿನಿಂದ ಎರಡೂ ಕೈಗಳನ್ನು ಒರೆಸಿಕೊಂಡು ಗಡಿಯಾರ ನೋಡಿದರು.

ಬೆನ್ನ ಕೆಳಗೆ ಕೈ ಹಾಗೇ ಇತ್ತು, ಹೂಳಿನಷ್ಟೇ ಮೆತ್ತಗೆ, ತಣ್ಣಗೆ.