ಹೊಸ ಫಸಲಿನ ಒಂದು ಗುಟುಕು

ಹೊಳೆಯ ಸೀಮೆಯ ಒಂದೂರಿನಲ್ಲಿ ಒಬ್ಬ ಮುದುಕಿ ಇದ್ದಳಂತೆ. ಆಕೆಯ ಹೊಲದಲ್ಲಿ ಬೆಳೆದದ್ದು ಜೋಳವಿರಲಿ, ಬೆಲ್ಲವಿರಲಿ, ಮೊದಲು ಆಕೆಯ ನಾಲಿಗೆಗೆ ತಾಗದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಆಕೆಗೊಬ್ಬಳು ಮೊಮ್ಮಗಳು. ಕತೆ ಕೇಳುತ್ತಲೇ ಬೆಳೆದವಳು, ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಡುವವಳು. ಒಂದು ದಿನ ಮುದುಕಿಗೂ ಹಾಗೆಯೇ ಒಂದು ಮಾತು ಕೊಟ್ಟಳು. ಕೊಟ್ಟ ಮೇಲೆ ಹೆದರಿದಳು.

ಮುದುಕಿ ಹುನ್ನೂರಿನ ಗುರುಬಸವ್ವ, ನನ್ನ ಆಯಿ, ಅಪ್ಪನ ತಾಯಿ. ಹೆದರಿದವಳು ನಾನು, ದಾನೇಶ್ವರಿ.

ಮೂರು ವರ್ಷದ ಹಿಂದೆ ಅಪ್ಪ ಎರಡು ಎಕರೆ ಕಬ್ಬು ತೆಗೆದು ದ್ರಾಕ್ಷಿ ಹಚ್ಚಿದ. ಒಣಗಿಸಿ ಮಣೂಕ ಮಾಡಿ ಮಾರುತ್ತೇನೆ ಎಂದು ಊರಿಗೆಲ್ಲ ಹೇಳಿದ. ಖರೆ ಎಂದರೆ ಅದು ವೈನಿನ ದ್ರಾಕ್ಷಿ. ಕಂಪನಿಯ ಗಾಡಿ ಬೆಳಕು ಹರಿಯುವುದರೊಳಗೆ ಬಂದು ತುಂಬಿಕೊಂಡು ಹೋಗುತ್ತಿತ್ತು. ಅಪ್ಪ ಮಠದ ಕಮಿಟಿಯವನು. ಕುಡಿತ ಬಿಡಿಸುವ ಶಿಬಿರಕ್ಕೆ ಪ್ರತಿ ವರ್ಷ ಪೆಂಡಾಲು ಹಾಕಿಸುವವನು. ಮನೆಯಲ್ಲಿ ಅವ್ವನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

"ಈ ಮಾತು ನಿನ್ನ ಬಾಯಿಂದ ಬಿತ್ತಂದ್ರ, ದಾನಿ, ಬನಹಟ್ಟಿ ನೌಕರಿ ಅವತ್ತಿಗೇ ಮುಗೀತು," ಎಂದಿದ್ದ ಅಪ್ಪ. ಬನಹಟ್ಟಿಯಲ್ಲಿ ನಾನು ಕಂಪ್ಯೂಟರಿನ ಮೇಲೆ ಸೀರೆ ಅಂಚಿನ ಡಿಸೈನ್ ಮಾಡುತ್ತೇನೆ. ನವಿಲು, ಬಳ್ಳಿ, ಆಯಿಯ ಕತೆಯ ಏಳು ಹೆಡೆಯ ಹಾವು. ಅದೊಂದೇ ನನ್ನದು ಅಂತ ಇರುವುದು.

ಆಯಿಗೆ ಹೇಳಿದವಳೂ ನಾನೇ. ಹೊಸ ಗೊನೆಯ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಆಕೆ ಬೀಜ ಉಗುಳಿದಳು. "ಇದು ತಿನ್ನೂ ಹಣ್ಣಲ್ಲ. ಏನಿದು ಖರೇ ಹೇಳು," ಎಂದಳು. ಆ ಕಣ್ಣಿನ ಮುಂದೆ ನನಗೆ ಸುಳ್ಳು ಬರುವುದಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಬೈಯಲಿಲ್ಲ.

"ಕಬ್ಬು ಕಡದ್ರ ಬೆಲ್ಲ ತಿಂದಂಗ ಆಕ್ಕೈತೇನು? ಎರಡು ಫಸಲು ನನ್ನ ಬಾಯಿ ಮುಟ್ಟದ ಹ್ವಾದೂ. ಈ ಸರ್ತಿ ಗಾಡಿ ಬರೂದ್ರೊಳಗ ಆ ಫಸಲಿನ ವೈನು ನನಗೊಂದು ಗುಟುಕು ತೋರಸು."

"ಮನಿಯಾಗ ಬಾಟ್ಲಿ ತರಾಕ ಆಗೂದಿಲ್ಲ, ಆಯಿ."

"ಮನಿಯಾಗ ಯಾಕ? ಮಂದಿ ಎಲ್ಲಿ ಮರ್ಯಾದಿಯಿಂದ ಕುಂತು ಕುಡೀತಾರೋ ಅಲ್ಲಿಗೆ ಕರಕೊಂಡ ಹೋಗು. ಛಲೋ ಹೊಟೇಲ ನೋಡು."

ಆಗಲಿ ಅಂದೆ. ಕಟಾವಿಗೆ ಹನ್ನೆರಡು ದಿನ ಉಳಿದಿತ್ತು.

ಛಲೋ ಹೊಟೇಲ್ ಎಂದರೆ ಆಯಿಗೆ ಮಾಂಸದ ಪಾತ್ರೆ ಸೋಕದ ಅಡುಗೆ ಬೇಕು. ವೈನ್ ಬೇಕು, ಅದೂ ನಮ್ಮ ದ್ರಾಕ್ಷಿ ಒಯ್ದ ಕಂಪನಿಯದೇ. ಶುದ್ಧ ಶಾಕಾಹಾರಿ ಎಂದು ಬರೆದಲ್ಲಿ ವೈನ್ ಇಲ್ಲ. ವೈನ್ ಇದ್ದಲ್ಲಿ ಬಾಗಿಲಲ್ಲೇ ಕೋಳಿಯ ಚಿತ್ರ. ಊಟದ ಬಿಡುವಿನಲ್ಲಿ ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ದನಿ ಇಳಿಸಿ ಫೋನ್ ಮಾಡುತ್ತಿದ್ದೆ. ಯಾರಾದರೂ ಮೆಟ್ಟಿಲು ಹತ್ತಿದರೆ ಕರೆ ಕಡಿದು, ಫೋನ್ ಕಿವಿಗೆ ಅವುಚಿಕೊಂಡು ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದೆ, ಯಾರೂ ಇಲ್ಲದ ಲೈನಿಗೆ.

ಜಮಖಂಡಿಯಲ್ಲಿ ಒಂದಿತ್ತು, ಕರಿ ಗಾಜಿನ ಬಾಗಿಲು. ಅದು ತೆರೆದಾಗಲೆಲ್ಲ ಒಳಗಿನ ಕತ್ತಲೆ ಬೀದಿಯನ್ನು ನೋಡಿದಂತಾಗುತ್ತಿತ್ತು. ದಾಟಿ ಹೋದೆ. ಮುಧೋಳದಲ್ಲಿ 'ಫ್ಯಾಮಿಲಿ ರೂಮ್' ಇದೆ ಎಂದರು. ಮಧ್ಯಾಹ್ನ ನೋಡಲು ಹೋದರೆ ಸಾಲಾಗಿ ಪರದೆಗಳು, ಒಂದರ ಹಿಂದೆ ಗಂಡಸಿನ ನಗು. ನಗು ತಟ್ಟನೆ ನಿಂತಿತು, ಪರದೆ ಅಲುಗಿತು. ಬಸ್ ಸ್ಟ್ಯಾಂಡಿಗೆ ಬಂದ ಮೇಲೇ ನನಗೆ ಉಸಿರು ಬಂದದ್ದು.

ಬೀಳಗಿ ರಸ್ತೆಯದು ಚೆಂದವಿತ್ತು, ತೊಳೆದ ನೆಲ, ಊದಿನಕಡ್ಡಿ. ಕೌಂಟರಿನಲ್ಲಿ ಹೊಳಬಸಪ್ಪ ಎಂಬ ಯಜಮಾನರು. ವೈನ್ ಸಿಗುತ್ತದೆಯೇ ಎಂದು ಕೇಳಿದೆ. ಅವರು ನನ್ನ ಹಣೆಯ ವಿಭೂತಿ ನೋಡಿದರು, ಕನ್ನಡಕ ತೆಗೆದರು.

"ಯಾರ ಪೈಕಿ ಆಗಬೇಕವಾ ನೀನು?"

ಹೆಸರು ಹೇಳಿದರೆ ಸಾಕು, ನಮ್ಮ ಸೀಮೆಯಲ್ಲಿ ಮೂರು ಫೋನಿನೊಳಗೆ ಅಪ್ಪನಿಗೆ ಮುಟ್ಟುತ್ತದೆ. ತಪ್ಪು ಜಾಗಕ್ಕೆ ಬಂದೆನ್ರೀ ಎಂದು ಹೊರಬಿದ್ದೆ. ಅವರು ರಸ್ತೆಯವರೆಗೂ ಬಂದು ನಿಂತು ನೋಡುತ್ತಿದ್ದರು.

ಆ ವಾರ ಮನೆಯಲ್ಲಿ ಅಪ್ಪನ ಫೋನ್ ರಿಂಗಾದಾಗಲೆಲ್ಲ ಅವನಿಗಿಂತ ಮೊದಲು ನಾನೇ ಎದ್ದು ಹೆಸರು ನೋಡುತ್ತಿದ್ದೆ. ರೊಟ್ಟಿ ಮುರಿಯುತ್ತ ಅಪ್ಪ, "ಯಾಕ ಸಪ್ಪಗ ಅದೀ?" ಅಂದ. ನೀರು ನೆತ್ತಿಗೇರಿತು.

ಕೊನೆಗೆ ವಿಜಯಪುರದಲ್ಲಿ ಸಿಕ್ಕಿತು. ಮೂರನೆಯ ಮಹಡಿ, ಎರಡು ಬೇರೆ ಬೇರೆ ಅಡುಗೆಮನೆ, ಪರದೆ ಇಲ್ಲ, ಆ ಕಂಪನಿಯ ವೈನ್ ಗ್ಲಾಸಿನ ಲೆಕ್ಕದಲ್ಲೂ ಕೊಡುತ್ತಾರೆ. ಆಯಿಯ ಕಣ್ಣು ತೋರಿಸಲು ಎಂದು ಮನೆಯಲ್ಲಿ ಹೇಳಿ, ಊರಿನ ನಾಮದೇವ ಕಾಕಾನ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಚಿಕ್ಕಪಡಸಲಗಿಯಲ್ಲಿ ಹೊಳೆ ದಾಟುವಾಗ ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಕಣ್ಣಿನ ಡಾಕ್ಟರ್ ಸಂಜಿಕೇನ ನೋಡ್ತಾನೇನ್ ತಂಗಿ?"

ನಾನು ಕಿಟಕಿಯಾಚೆ ಹೊಳೆ ನೋಡಿದೆ.

"ಸಂಜಿಕೇನ ನೋಡ್ತಾನ," ಎಂದಳು ಆಯಿ. "ನೀ ಮುಂದ ನೋಡಿ ಹೊಡಿ."

ಏಳು ಗಂಟೆಗೆ ನಾವು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದೆವು, ಆಯಿ ಸೆರಗು ತಲೆತುಂಬ ಹೊದ್ದುಕೊಂಡು. ಆಚೆ ಮೇಜಿನಲ್ಲಿ ಬಿಳಿ ಟೋಪಿಯವರೊಬ್ಬರು ಬೆನ್ನು ಮಾಡಿ ಕೂತಿದ್ದರು. ಆ ಕತ್ತು, ಆ ಭುಜ, ಕಮಿಟಿಯ ಜಕ್ಕಪ್ಪ ಕಾಕಾನದೇ. ಅವರು ತಿರುಗುವವರೆಗೆ ನಾನು ಮೆನು ಕಾರ್ಡಿನಿಂದ ಮುಖ ತೆಗೆಯಲಿಲ್ಲ. ಬೇರೆ ಯಾರೋ.

ಪ್ರೇಮಕುಮಾರ ಎಂದು ಎದೆಯ ಮೇಲೆ ಹೆಸರಿದ್ದ ವೇಟರ್ ಬಂದ. "ಅಜ್ಜೀಗೆ ಜ್ಯೂಸ್ ಏನ್ರೀ?"

"ಅಜ್ಜೀಗೆ ವೈನು," ಎಂದಳು ಆಯಿ. "ಜ್ಯೂಸ್ ಈ ಹುಡುಗಿಗೆ ಕೊಡು. ಮಾರಿ ನೋಡು, ಹೆಂಗ ಬಿಳಚೈತಿ."

ಮೊಸರನ್ನ, ಬದನೆಕಾಯಿ ಪಲ್ಯ ಬಂದವು. ಗ್ಲಾಸ್ ಬಂತು. ನೇರಳೆಗಿಂತ ಕಪ್ಪು ಬಣ್ಣ. ಆಯಿ ಅದನ್ನು ದೀಪಕ್ಕೆ ಹಿಡಿದು ನೋಡಿ, ಮೂಸಿ, ಕೆಳಗಿಟ್ಟಳು.

"ಕುಡಿ ಆಯಿ, ಲಗೂ. ಹೋಗೂಣು."

"ಹಂಗ ಹೆಂಗ ಕುಡೀಲಿ? ನಿಮ್ಮಪ್ಪಗ ಫೋನ್ ಹಚ್ಚು."

ಆಗ ನೆನಪಾಯಿತು. ಹೊಸತನ್ನು ಬಾಯಿಗೆ ಹಾಕುವ ಮೊದಲು ಬೆಳೆದವನು ಎದುರು ನಿಂತು ಹೇಗಿದೆ ಎಂದು ಕೇಳಬೇಕು. ಪ್ರತಿ ಜೋಳದ ರಾಶಿಯಲ್ಲಿ, ಪ್ರತಿ ಹೊಸ ಬೆಲ್ಲಕ್ಕೆ ಅಪ್ಪ ಕೇಳಿದ್ದಾನೆ. ಕೇಳದೆ ತಿಂದರೆ ಅದು ಕದ್ದು ತಿಂದಂತೆ. ಇದನ್ನು ನೋಡುತ್ತಲೇ ಬೆಳೆದ ನಾನು, ಇಷ್ಟು ದಿನ ಹೊಟೇಲ್ ಹುಡುಕಿ, ಇದನ್ನೇ ಮರೆತಿದ್ದೆ.

"ಆಯಿ, ನನ್ನ ನೌಕರಿ ಹೊಕ್ಕೈತಿ."

"ಗೊತ್ತೈತಿ. ಆದ್ರ ಹೊಲದಾಗ ದುಡದಾಂವ ಅವನು. ಕಳ್ಳರಂಗ ಕುಡದು ಹೋಗ್ಲೇನು ನಾನು? ಹಚ್ಚು ಬೇ."

ಬೆರಳು ಎರಡು ಸಲ ತಪ್ಪು ಹೆಸರಿನ ಮೇಲೆ ಬಿತ್ತು. ಆಯಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ರಿಂಗಾಯಿತು. ಎತ್ತದಿರಲಿ, ಎತ್ತದಿರಲಿ. ಎತ್ತಿದ. ಹಿಂದೆ ನಾಲ್ಕಾರು ಗಂಡಸರ ದನಿ.

"ಕಮಿಟಿ ಮೀಟಿಂಗನ್ಯಾಗ ಅದೇನಿ. ಡಾಕ್ಟರ್ ಏನಂದ?"

ಆಯಿ ಫೋನ್ ಕಸಿದುಕೊಂಡಳು. ಸ್ಪೀಕರ್ ಹಾಗೆಯೇ ಇತ್ತು. "ಈಶ್ವರಾ, ನಾನು. ನಿನ್ನ ದ್ರಾಕ್ಷಿ ಪಡದ ಹೊಸಾದು ನನ್ನ ಮುಂದೈತಿ. ಗ್ಲಾಸಿನ್ಯಾಗ. ಕೇಳು."

ಆ ಕಡೆ ಯಾರೋ, "ಏನಾತ್ರೀ ಈಶ್ವರಪ್ಪ?" ಅಂದರು. ಕುರ್ಚಿ ಸರಿದ ಸದ್ದು. ಬಾಗಿಲು. ಕಲ್ಲಿನ ಮೇಲೆ ಹೆಜ್ಜೆ, ಬಹಳ ಹೆಜ್ಜೆ. ಆಮೇಲೆ ಬರೀ ಅವನ ಉಸಿರು.

"ದಾನಿ ಅದಾಳೇನ್ ಅಲ್ಲಿ?"

"ಅದಾಳ."

ನಾನು ಮೇಜಿನ ಅಂಚು ಹಿಡಿದುಕೊಂಡೆ. ಬನಹಟ್ಟಿಯ ನನ್ನ ಕುರ್ಚಿ, ಅರ್ಧಕ್ಕೆ ಬಿಟ್ಟು ಬಂದ ಹಾವಿನ ಅಂಚು, ಎಲ್ಲ ಕಣ್ಣ ಮುಂದೆ ಬಂದು ಹೋದವು. ಆಯಿ ಕೈಯಲ್ಲಿ ಗ್ಲಾಸ್ ಹಿಡಿದು ಕಾಯುತ್ತಿದ್ದಳು.

ಅಪ್ಪ ಕೆಮ್ಮಿದ. ರಾಶಿಯ ಕಣದಲ್ಲಿ ಕೇಳುವ ದನಿಯೇ, ಆದರೆ ಬಲು ಸಣ್ಣದಾಗಿ, ಕೇಳಿದ.

"ಹೊಸಾದು ಹೆಂಗೈತಿ, ಯವ್ವಾ?"

ಆಯಿ ಕಣ್ಣು ಮುಚ್ಚಿ ಒಂದು ಗುಟುಕು ತೆಗೆದುಕೊಂಡಳು. ಬಾಯಲ್ಲೇ ಇಟ್ಟುಕೊಂಡಳು. ಮುಖ ಕಿವುಚಿತು, ಸಡಿಲಾಯಿತು.

"ಒಗರೈತಿ. ಬೆನ್ನಿಗೆ ನಮ್ಮ ಎರಿ ಮಣ್ಣಿನ ವಾಸನಿ ಬರ್ತೈತಿ. ಛಲೋ ಬೆಳದೀ."

ಅಪ್ಪ, "ಲಗೂ ಬರ್ರಿ," ಅಂದ. "ಮುಂಜಾನೆ ಏಳೂವರಿಗೆ ಆಕಿದು ಬನಹಟ್ಟಿ ಬಸ್ ಐತಿ."

ಗ್ಲಾಸಿನಲ್ಲಿ ಮುಕ್ಕಾಲು ಉಳಿದಿತ್ತು. ಆಯಿ ಅದನ್ನು ಬೆರಳ ತುದಿಯಿಂದ ಆಚೆ ಸರಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಆತು," ಎಂದಳು.